ನಮೀಬಿಯಾಕ್ಕೆ ಹೊರಟಿದ್ದ ಶಂಕರಪ್ಪ

ಶಂಕರಪ್ಪನವರು ಮೂವತ್ತನಾಲ್ಕು ವರ್ಷ ಕೇಂದ್ರ ಸರ್ಕಾರದ ಕಾರು ಓಡಿಸಿದವರು. ಚಳ್ಳಕೆರೆ ಕಡೆಯವರು. ಎಂಬತ್ತೈದರಲ್ಲಿ ದೆಹಲಿಗೆ ಬಂದು ಒಂದು ಸಚಿವಾಲಯದಲ್ಲಿ ಡ್ರೈವರ್ ಆಗಿ ಸೇರಿದರು. ಎರಡು ಸಾವಿರದ ಹತ್ತೊಂಬತ್ತರ ಅಕ್ಟೋಬರ್ ಕೊನೆಯ ದಿನ ಕೀ ಒಪ್ಪಿಸಿ, ಕೊರಳಿಗೆ ಹಾಕಿದ್ದ ಚೆಂಡುಹೂವಿನ ಹಾರವನ್ನು ಕೈಯಲ್ಲಿ ಹಿಡಿದುಕೊಂಡು ಬಸ್ಸಿನಲ್ಲಿ ಮನೆಗೆ ಬಂದರು. ಅಷ್ಟೂ ವರ್ಷಗಳಲ್ಲಿ ಅವರ ಕಾರಿಗೆ ಒಂದು ಗೀರೂ ಬಿದ್ದದ್ದಿಲ್ಲ ಎಂದು ಬೀಳ್ಕೊಡುಗೆಯಲ್ಲಿ ಹೇಳಿದರಂತೆ. ಅದು ನಿಜ. ಅವರ ಪಕ್ಕದಲ್ಲಿ ಕುಳಿತು ಪ್ರಯಾಣ ಮಾಡಿದವರಿಗೆ ಬ್ರೇಕು ಒತ್ತಿದ್ದು ಯಾವಾಗ ಎಂದು ಗೊತ್ತಾಗುತ್ತಿರಲಿಲ್ಲ.

ಮಯೂರ್ ವಿಹಾರ್ ಫೇಸ್ ಮೂರರಲ್ಲಿ ದೆಹಲಿಯ ಪ್ರಾಧಿಕಾರ ಕಟ್ಟಿಸಿದ ಅವರ ಡಿಡಿಎ ಫ್ಲಾಟು ನಮ್ಮ ಫ್ಲಾಟಿನ ನೇರ ಮೇಲಿನದು. ಇಪ್ಪತ್ತು ವರ್ಷದ ನೆರೆ. ಅವರ ಹೆಂಡತಿ ವಿಜಯಮ್ಮ ಹತ್ತಿರದ ಒಂದು ನರ್ಸರಿ ಶಾಲೆಯಲ್ಲಿ ಟೀಚರು. ನನ್ನ ಹೆಂಡತಿ ಲೀಲಾಗೆ ಆಪ್ತರು. ಮಗ ಚರಣ್ ದೆಹಲಿ ಹತ್ತಿರದ ಮಾನೇಸರಿನ ಒಂದು ಬಿಡಿಭಾಗಗಳ ಕಾರ್ಖಾನೆಯಲ್ಲಿ ಇಂಜಿನಿಯರು. ಶಂಕರಪ್ಪನವರು ಹೆಚ್ಚು ಮಾತಿನವರಲ್ಲ, ಆದರೆ ಸಂಜೆ ಪಾರ್ಕಿನ ಬೆಂಚಿನಲ್ಲಿ ನನ್ನೊಡನೆ ಮನಸ್ಸು ಬಿಚ್ಚುತ್ತಿದ್ದರು. ನಾನು ಮುಂದೆ ಹೇಳುವುದರಲ್ಲಿ ಅರ್ಧ ಅವರಿಂದ ಕೇಳಿದ್ದು, ಉಳಿದರ್ಧ ವಿಜಯಮ್ಮ ಲೀಲಾಗೆ ಹೇಳಿದ್ದು.

ಅವರಿಗೆ ಪ್ರಾಣಿಗಳ ಹುಚ್ಚು. ಆ ಹುಚ್ಚು ತೀರುವ ಕೆಲಸ ಮಾತ್ರ ಅವರದಾಗಿರಲಿಲ್ಲ. ಸಾಹೇಬರುಗಳನ್ನು ಸರಿಸ್ಕಾಕ್ಕೆ, ರಣಥಂಬೋರಿಗೆ, ಕಾರ್ಬೆಟ್ಟಿಗೆ ಕರೆದುಕೊಂಡು ಹೋಗುತ್ತಿದ್ದರು. ಗೇಟಿನ ಬಳಿ ಸಾಹೇಬರು ಇಳಿದು ಅರಣ್ಯ ಇಲಾಖೆಯ ಜೀಪು ಹತ್ತಿ ಒಳಗೆ ಹೋಗುತ್ತಿದ್ದರು. ಇವರು ಹೊರಗೆ ಮರದ ಕೆಳಗೆ ಬೇರೆ ಡ್ರೈವರುಗಳ ಜೊತೆ ಚಹಾ ಕುಡಿಯುತ್ತ ಕೂರುತ್ತಿದ್ದರು. "ಹನ್ನೊಂದು ಕಾಡಿನ ಗೇಟು ನೋಡಿದೀನಿ ಸಾರ್," ಎಂದು ಒಮ್ಮೆ ನನಗೆ ಹೇಳಿದರು. "ಒಂದು ಹುಲಿ ಬಾಲಾನೂ ನೋಡಿಲ್ಲ."

ಎರಡು ಸಾವಿರದ ಹದಿಮೂರರಲ್ಲಿ ಅವರು ಓಡಿಸುತ್ತಿದ್ದ ಕಾರಿನ ಸಾಹೇಬರು ರಜೆ ಹಾಕಿ ಹೆಂಡತಿಯೊಡನೆ ನಮೀಬಿಯಾ ಎಂಬ ದೇಶಕ್ಕೆ ಹೋಗಿಬಂದರು. ವಿಮಾನ ನಿಲ್ದಾಣದಿಂದ ಮನೆಗೆ ಬರುವ ದಾರಿಯುದ್ದಕ್ಕೂ ಹಿಂದಿನ ಸೀಟಿನಿಂದ ಅದರದೇ ಮಾತು. ಆಫ್ರಿಕಾದ ದಕ್ಷಿಣದ ಅಂಚಿನಲ್ಲಿ ಮರಳುಗಾಡಿನ ದೇಶ, ದೆಹಲಿಯ ಜನಸಂಖ್ಯೆಯ ಕಾಲುಭಾಗವೂ ಇಲ್ಲ, ನೂರಾರು ಮೈಲಿ ಎದುರಿಗೆ ಒಂದು ಗಾಡಿಯೂ ಬರುವುದಿಲ್ಲ. ಕಡು ಬೇಸಗೆಯ ಮುಂಚೆ ಎಲ್ಲ ಕಡೆ ನೀರು ಬತ್ತಿದಾಗ ಉಳಿದ ಒಂದೆರಡು ಹೊಂಡಗಳಿಗೆ ಆನೆ, ಜಿರಾಫೆ, ಸಿಂಹ ಎಲ್ಲ ಸಾಲಾಗಿ ಬರುತ್ತವೆ. ಕಾರು ನಿಲ್ಲಿಸಿ ಸುಮ್ಮನೆ ಕುಳಿತಿದ್ದರೆ ಸಾಕು.

"ಅಲ್ಲಿ ಡ್ರೈವರ್ ಇಲ್ಲ, ಗೈಡ್ ಇಲ್ಲ ಶಂಕರಪ್ಪ," ಎಂದು ಸಾಹೇಬರು ಹಿಂದಿಯಲ್ಲಿ ಹೇಳಿದರಂತೆ. "ಕಾರು ಬಾಡಿಗೆಗೆ ತೊಗೊಂಡು ನಮ್ಮಷ್ಟಕ್ಕೆ ನಾವೇ ಕಾಡಿನೊಳಗೆ ಓಡಿಸಿಕೊಂಡು ಹೋಗೋದು."

"ಸ್ಟೀರಿಂಗ್ ಯಾವ ಕಡೆ ಸಾಬ್?"

"ನಮ್ಮ ಹಾಗೇ. ಬಲಕ್ಕೆ."

ಆ ದಿನ ಮನೆಗೆ ಬಂದವರು ಶೂ ಬಿಚ್ಚುವ ಮೊದಲೇ ಚರಣನ ಶಾಲೆಯ ಹಳೆಯ ಅಟ್ಲಾಸು ಹುಡುಕಿಸಿದರು. ವಿಜಯಮ್ಮ ಕನ್ನಡಕ ಹಾಕಿಕೊಂಡು ಪುಟ ತೆಗೆದು ಕೊಟ್ಟರು. ಇಬ್ಬರೂ ಊಟದ ಮೇಜಿನ ಮೇಲೆ ಬಗ್ಗಿ ಆ ದೇಶವನ್ನು ನೋಡಿದರು. ನಿವೃತ್ತಿಯಾದ ಮೇಲೆ ಅಲ್ಲಿಗೆ ಹೋಗುವುದು, ಕಾರನ್ನು ತಾನೇ ಓಡಿಸುವುದು ಎಂದು ಶಂಕರಪ್ಪನವರು ಅಂದೇ ನಿಶ್ಚಯಿಸಿದರು. ಮೊದಲಿಗೆ ನಕ್ಕದ್ದು ವಿಜಯಮ್ಮ. ನಂತರ ಅವರೇ ಅದಕ್ಕೆ ಇವರಿಗಿಂತ ಹೆಚ್ಚು ಅಂಟಿಕೊಂಡರು.

ಏಕೆಂದರೆ ಓದು ಬರಹವೆಲ್ಲ ವಿಜಯಮ್ಮನದೇ. ಶಂಕರಪ್ಪನವರಿಗೆ ಇಂಗ್ಲಿಷ್ ಬೋರ್ಡು ಓದುವಷ್ಟು ಬರುತ್ತಿತ್ತು, ಪತ್ರ ಬರೆಯುವಷ್ಟಲ್ಲ. ಶಾಲೆ ಮುಗಿಸಿ ಬಂದು ವಿಜಯಮ್ಮ ಚರಣನ ಕಂಪ್ಯೂಟರಿನ ಮುಂದೆ ಕುಳಿತು ಆ ದೇಶದ ಕ್ಯಾಂಪುಗಳಿಗೆ ಈಮೇಲ್ ಬರೆಯುತ್ತಿದ್ದರು. ನೆಲಮಹಡಿಯಲ್ಲಿ ಕೋಣೆ ಸಿಗುತ್ತದೆಯೇ, ಸಸ್ಯಾಹಾರ ಉಂಟೇ, ಒಂದು ಹೀಟರ್ ಇಟ್ಟು ಅನ್ನ ಮಾಡಿಕೊಳ್ಳಬಹುದೇ. ಕಾರಿನ ಛಾವಣಿಯ ಮೇಲೆ ಡೇರೆ ಹಾಕಿಕೊಂಡು ಮಲಗುವ ವ್ಯವಸ್ಥೆಯೂ ಇದೆ ಎಂದು ತಿಳಿದಾಗ ಶಂಕರಪ್ಪನವರಿಗೆ ಉತ್ಸಾಹ ಬಂತು. "ಅರವತ್ತನೇ ವಯಸ್ಸಿನಲ್ಲಿ ಏಣಿ ಹತ್ತಿ ಮಲಗೋಕೆ ನನ್ನಿಂದಾಗಲ್ಲ, ನೀವು ಮೇಲೆ ಮಲಗಿ, ನಾನು ಸಿಂಹದ ಜೊತೆ ಕೆಳಗಿರ್ತೀನಿ," ಎಂದು ವಿಜಯಮ್ಮ ಹೇಳಿದ ಮೇಲೆ ಅದು ಬಿದ್ದುಹೋಯಿತು.

ಪ್ರಾಣಿಗಳ ಹೆಸರುಗಳೂ ಅವರದೇ ಪಾಲು. ಕೊಂಬಿನ ತಿರುವು, ಬೆನ್ನಿನ ಪಟ್ಟೆ, ಹೆಜ್ಜೆ ಗುರುತು. ನರ್ಸರಿ ಮಕ್ಕಳಿಗೆ ಕುದುರೆ ಹಸು ಕಲಿಸುವ ಬದಲು ಓರಿಕ್ಸ್, ಕುಡು ಎಂದು ಆಫ್ರಿಕಾದ ಜಿಂಕೆಗಳ ಹೆಸರು ಕಲಿಸಿ ಪ್ರಿನ್ಸಿಪಾಲರಿಂದ ಹೇಳಿಸಿಕೊಂಡರು ಎಂದು ಲೀಲಾ ನಗುತ್ತ ಹೇಳಿದ್ದು ನೆನಪಿದೆ.

ರಸ್ತೆ ಶಂಕರಪ್ಪನವರ ಪಾಲು. ರಾಜಧಾನಿ ವಿಂಡ್‌ಹುಕ್‌ನಿಂದ ಹೊರಟು ಕೆಂಪು ಮರಳ ದಿಬ್ಬಗಳವರೆಗೆ ಒಂದು ದಿನ. ಅಲ್ಲಿಂದ ಕಡಲತೀರ. ಅಲ್ಲಿಂದ ಉತ್ತರಕ್ಕೆ ಕಲ್ಲುಗುಡ್ಡಗಳ ಸೀಮೆ, ಮರಳುಗಾಡಿನ ಆನೆಗಳಿರುವ ಕಡೆ. ಕೊನೆಗೆ ಎತೋಷಾ ಎಂಬ ದೊಡ್ಡ ಅಭಯಾರಣ್ಯದಲ್ಲಿ ನಾಲ್ಕು ದಿನ. ಡಾಂಬರು ಕಡಿಮೆ, ಬಹುಪಾಲು ಜಲ್ಲಿಯ ರಸ್ತೆ. ಜಲ್ಲಿಯ ಮೇಲೆ ಎಂಬತ್ತು ಕಿಲೋಮೀಟರಿಗಿಂತ ವೇಗವಾಗಿ ಹೋಗಬಾರದು, ಟೈರಿನ ಗಾಳಿ ಇಳಿಸಬೇಕು, ಎರಡು ಸ್ಟೆಪ್ನಿ ಇರಬೇಕು, ಪೆಟ್ರೋಲ್ ಪಂಪು ಕಂಡಲ್ಲೆಲ್ಲ ಟ್ಯಾಂಕು ತುಂಬಿಸಬೇಕು, ಸೂರ್ಯ ಮುಳುಗುವ ಮೊದಲು ಕ್ಯಾಂಪು ಸೇರಬೇಕು. ಇದನ್ನೆಲ್ಲ ಅವರು ನನಗೆ ಎಷ್ಟು ಸಲ ಹೇಳಿದ್ದರೆಂದರೆ, ನಾನೇ ಹೋಗಿ ಓಡಿಸಿ ಬರಬಹುದಿತ್ತು.

ಒಂದು ವಿಷಯದಲ್ಲಿ ಮಾತ್ರ ಅವರಿಬ್ಬರ ನಡುವೆ ತೊಡಕಾಯಿತು. ಅಷ್ಟು ದೂರದ ದಾರಿಗೆ ಇಬ್ಬರು ಓಡಿಸುವವರಿರುವುದು ಒಳ್ಳೆಯದು ಎಂದು ವಿಜಯಮ್ಮ ಎಲ್ಲೋ ಓದಿದ್ದರು. "ನನಗೂ ಕಲಿಸಿ," ಎಂದರು. ಅದು ಎರಡು ಸಾವಿರದ ಹದಿನಾರು. ಒಂದು ಭಾನುವಾರ ಬೆಳಿಗ್ಗೆ ಶಂಕರಪ್ಪನವರು ಅವರನ್ನು ಯಮುನೆಯ ಖಾದರ್‌ಗೆ, ನದಿಬದಿಯ ಬಯಲಿಗೆ, ತಮ್ಮ ಹಳೆಯ ಕಾರಿನಲ್ಲಿ ಕರೆದೊಯ್ದರು. ಕ್ಲಚ್ಚು ಬಿಡುವುದು ವಿಜಯಮ್ಮನಿಗೆ ಹೊಂದಲಿಲ್ಲ. ಕಾರು ಜಿಗಿದು ನಿಂತಿತು, ಮತ್ತೆ ಜಿಗಿದು ನಿಂತಿತು. ನಾಲ್ಕನೆಯ ಸಲ ಕಬ್ಬಿನ ಹಾಲು ಮಾರುವವನ ಗಾಡಿಯ ಹತ್ತಿರ ಹೋಗಿ ನಿಂತಿತು. ಶಂಕರಪ್ಪನವರು ಮೂವತ್ತು ವರ್ಷದಲ್ಲಿ ಯಾರ ಮೇಲೂ ಏರಿಸದ ಧ್ವನಿಯನ್ನು ಅಂದು ಏರಿಸಿದರು. "ಇಳಿ ಕೆಳಗೆ. ಇದು ನಿನ್ನ ಕೈಲಾಗೋ ಕೆಲಸ ಅಲ್ಲ." ಕಬ್ಬಿನ ಹಾಲಿನವನು, ಅವನ ಗಿರಾಕಿಗಳು ಎಲ್ಲರೂ ತಿರುಗಿ ನೋಡಿದರು. ವಿಜಯಮ್ಮ ಇಳಿದರು. ಕಾರಿನ ಆ ಬದಿಗೆ ಬಂದು ಕೂರುತ್ತಾರೆ ಎಂದು ಇವರು ಕಾದರು. ಅವರು ಸೀದಾ ರಸ್ತೆ ಹತ್ತಿ, ಒಂದು ಇ-ರಿಕ್ಷಾ ಹಿಡಿದು ಮನೆಗೆ ಹೋದರು.

ಆ ವಿಷಯ ಮತ್ತೆ ಮನೆಯಲ್ಲಿ ಬರಲಿಲ್ಲ. ಕ್ಷಮಿಸು ಎಂದು ಇವರು ಹೇಳಲಿಲ್ಲ; ಹೇಳಿದ್ದು ತಪ್ಪು ಎಂದು ಅವರೂ ಅನ್ನಲಿಲ್ಲ. ಮರುದಿನ ಸಂಜೆ ವಿಜಯಮ್ಮ ಎಂದಿನಂತೆ ಕಂಪ್ಯೂಟರಿನ ಮುಂದೆ ಕುಳಿತು ಕಡಲತೀರದ ಊರಿನ ಹೋಟೆಲಿಗೆ ಈಮೇಲ್ ಬರೆದರು.

ಶಂಕರಪ್ಪನವರು ಬಚ್ಚಿಟ್ಟ ಒಂದು ಸಂಗತಿ ಎರಡು ಸಾವಿರದ ಹದಿನೆಂಟರದು. ನಿವೃತ್ತಿಗೆ ಒಂದು ವರ್ಷ ಇತ್ತು. ಡ್ರೈವರುಗಳಿಗೆ ಆಗಾಗ ಕಣ್ಣಿನ ತಪಾಸಣೆ ನಡೆಯುತ್ತಿತ್ತು. ಗೋಡೆಯ ಮೇಲಿನ ಅಕ್ಷರಗಳನ್ನು ಇವರು ಕೊನೆಯ ಸಾಲಿನವರೆಗೆ ಓದಿದರು. ಆದರೆ ಅಂದು ಅಲ್ಲಿದ್ದ ಒಬ್ಬ ಎಳೆಯ ಡಾಕ್ಟರು ಯಂತ್ರದಲ್ಲಿ ಕಣ್ಣಿನ ಒತ್ತಡ ಅಳೆದು, "ಇದು ಗ್ಲಾಕೋಮಾದ ಶುರು. ಬದಿಯ ದೃಷ್ಟಿ ಮೆಲ್ಲಗೆ ಹೋಗುತ್ತದೆ, ನಿಮಗೆ ಗೊತ್ತೇ ಆಗುವುದಿಲ್ಲ. ಡ್ರಾಪ್ಸ್ ಬರೆದುಕೊಡುತ್ತೇನೆ, ಒಂದು ದಿನವೂ ತಪ್ಪಿಸಬೇಡಿ, ಆರು ತಿಂಗಳಿಗೊಮ್ಮೆ ಬನ್ನಿ," ಎಂದು ಚೀಟಿ ಕೊಟ್ಟರು.

ಇವರು ಚೀಟಿಯನ್ನು ಆಫೀಸಿಗೆ ತೋರಿಸದೆ ಮಡಿಸಿ ಜೇಬಿಗಿಟ್ಟುಕೊಂಡರು. ಡ್ರಾಪ್ಸ್ ಒಂದು ತಿಂಗಳು ಹಾಕಿದರು, ಅದೂ ಆಫೀಸಿನ ಬಾತ್‌ರೂಮಿನಲ್ಲಿ. ಕಣ್ಣಿನ ತೊಂದರೆ ಇದೆಯೆಂದು ಗೊತ್ತಾದ ಒಬ್ಬ ಡ್ರೈವರನನ್ನು ಎರಡು ವರ್ಷದ ಕೆಳಗೆ ಕಾರಿನಿಂದ ಇಳಿಸಿ ಟಪಾಲು ವಿಭಾಗದಲ್ಲಿ ಕೂರಿಸಿದ್ದರು. ಅವನು ಇಡೀ ದಿನ ಲಕೋಟೆಗಳಿಗೆ ಗೋಂದು ಹಚ್ಚುವುದನ್ನು ಇವರು ನೋಡಿದ್ದರು. ಒಂದು ದಿನ ಬಾತ್‌ರೂಮಿಗೆ ಯಾರೋ ಬಂದಾಗ ಇವರು ಬಾಟಲಿಯನ್ನು ಜೇಬಿಗೆ ತುರುಕಿದರು. ಅಂದಿನಿಂದ ಹಾಕುವುದನ್ನೇ ಬಿಟ್ಟರು. ಎದುರಿನದೆಲ್ಲ ಚೆನ್ನಾಗಿ ಕಾಣುತ್ತಿತ್ತು. ನಂಬರ್ ಪ್ಲೇಟುಗಳನ್ನು ಅಷ್ಟು ದೂರದಿಂದ ಓದುತ್ತಿದ್ದರು. ಹಾಗಾದರೆ ಏನೂ ಆಗಿಲ್ಲ ಎಂದುಕೊಂಡರು. ಮನೆಯಲ್ಲಿ ಹೇಳಲೇ ಇಲ್ಲ. ಹೇಳಿದ್ದರೆ ವಿಜಯಮ್ಮ ಡ್ರಾಪ್ಸ್ ತಪ್ಪಿಸಲು ಬಿಡುತ್ತಿರಲಿಲ್ಲ ಎಂದು ಅವರಿಗೆ ಗೊತ್ತಿತ್ತು.

ನಿವೃತ್ತಿಯ ಹಣದಲ್ಲಿ ಒಂದು ಭಾಗ ಪ್ರವಾಸಕ್ಕೆಂದೇ ಇಟ್ಟರು. ಇಪ್ಪತ್ತರ ಜುಲೈಗೆ ಹೋಗುವುದೆಂದಿತ್ತು. ಕೊರೋನಾ ಬಂತು. ಇಪ್ಪತ್ತೊಂದು ಹಾಗೇ ಕಳೆಯಿತು. ಇಪ್ಪತ್ತೆರಡರಲ್ಲಿ ಚರಣನ ಮದುವೆಯಾಯಿತು. ಸೊಸೆ ಪ್ರಜ್ಞಾ ಗುರುಗ್ರಾಮದಲ್ಲಿ ಬ್ಯಾಂಕಿನವಳು. ಕೊನೆಗೆ ಇಪ್ಪತ್ಮೂರರ ಆಗಸ್ಟಿಗೆ ಗೊತ್ತುಮಾಡಿ, ವಿಜಯಮ್ಮ ಹತ್ತು ಕ್ಯಾಂಪುಗಳನ್ನೂ ಕಾರನ್ನೂ ಕಾದಿರಿಸಿದರು. ವಿಮಾನದ ಟಿಕೇಟು ಏಪ್ರಿಲಿನಲ್ಲಿ ತೆಗೆಯುವುದೆಂದಾಯಿತು.

ಆ ಚಳಿಗಾಲದಲ್ಲಿ ನಾನೂ ಕೆಲವು ಸಂಗತಿ ಗಮನಿಸಿದ್ದೆ. ಪಾರ್ಕಿನಲ್ಲಿ ನಡೆಯುವಾಗ ಪಕ್ಕದಿಂದ ಬಂದ ಮಗುವಿನ ಸೈಕಲ್ಲಿಗೆ ಡಿಕ್ಕಿ ಹೊಡೆದರು. ನಾನು ಎಡಗಡೆಯಿಂದ ಚಾಚಿದ ಕಡಲೆಕಾಯಿ ಪೊಟ್ಟಣವನ್ನು ಎರಡು ಸಲ ನೋಡದೇ ಹೋದರು. "ಏನ್ರೀ, ಈಗಲೇ ನಮೀಬಿಯಾದಲ್ಲಿದ್ದೀರಾ?" ಎಂದು ನಾನು ತಮಾಷೆ ಮಾಡಿದೆ. ಅವರೂ ನಕ್ಕರು. ಅಂದು ತಮಾಷೆ ಬಿಟ್ಟು ಸರಿಯಾಗಿ ಕೇಳಿದ್ದರೆ ಏನಾಗುತ್ತಿತ್ತೋ ಎಂದು ನನಗೆ ಈಗಲೂ ಅನ್ನಿಸುತ್ತದೆ.

ಭಾನುವಾರಗಳಂದು ಗಂಡಹೆಂಡತಿ ಮಾನೇಸರಿನ ಮಗನ ಮನೆಗೆ ಹೋಗುತ್ತಿದ್ದರು. ಅಲ್ಲಿ ಕಾರ್ಖಾನೆಗಳ ಹಿಂದೆ ಅರಾವಳಿಯ ಕುರುಚಲು ಗುಡ್ಡಗಳಿವೆ, ಜಲ್ಲಿ ಕಿತ್ತುಹೋದ ಮಣ್ಣಿನ ದಾರಿಗಳಿವೆ. ಶಂಕರಪ್ಪನವರು ಟೈರಿನ ಗಾಳಿ ಇಳಿಸಿ ಅಲ್ಲಿ ಅಭ್ಯಾಸ ಮಾಡುತ್ತಿದ್ದರು. ವಿಜಯಮ್ಮ ಎಡಗಡೆ ಕುಳಿತು ಮ್ಯಾಪು ನೋಡಿ, "ಮುಂದೆ ಬಲಕ್ಕೆ," ಎಂದು ಹೇಳುವ ಅಭ್ಯಾಸ. ಫೆಬ್ರವರಿಯ ಒಂದು ಬೆಳಿಗ್ಗೆ ಹೀಗೇ ಹೋಗುತ್ತಿರುವಾಗ ಎಡಬದಿಯ ಜಾಲಿಯ ಪೊದೆಯಿಂದ ಒಂದು ಗಂಡು ನೀಲಗಾಯ್, ಆ ಕಡೆಯ ದೊಡ್ಡ ಕಾಡುಜಿಂಕೆ, ರಸ್ತೆಗೆ ಬಂತು. ಕುದುರೆಯಷ್ಟು ಎತ್ತರ. ವಿಜಯಮ್ಮನಿಗೆ ಅದು ಪೊದೆಯಲ್ಲಿ ನಿಂತಾಗಲೇ ಕಂಡಿತ್ತು. ಗಂಡ ಬ್ರೇಕು ಒತ್ತುತ್ತಾರೆ ಎಂದು ಕಾದರು. ಕಾರು ನಿಧಾನವಾಗಲಿಲ್ಲ. ಅವರು ಹ್ಯಾಂಡ್‌ಬ್ರೇಕನ್ನು ಎರಡೂ ಕೈಯಿಂದ ಎಳೆದರು. ಕಾರು ಜಾರಿ ಅಡ್ಡ ತಿರುಗಿ ನಿಂತಿತು. ನೀಲಗಾಯ್ ಬಾನೆಟ್ಟಿನಿಂದ ಒಂದು ಮೊಳ ದೂರದಲ್ಲಿ ದಾಟಿ ಆ ಕಡೆಯ ಇಳಿಜಾರಿನಲ್ಲಿ ಮರೆಯಾಯಿತು.

"ಯಾಕೆ ಎಳೆದೆ?" ಎಂದು ಶಂಕರಪ್ಪನವರು ಕೇಳಿದರು.

"ಯಾಕೆ ಅಂದ್ರೆ? ನೀಲಗಾಯ್."

"ಎಲ್ಲಿ?"

ವಿಜಯಮ್ಮ ಅವರ ಮುಖ ನೋಡಿದರು. ತಮಾಷೆಯಲ್ಲ ಎಂದು ಗೊತ್ತಾಯಿತು. "ಎಡಗಡೆಯಿಂದ ಬಂತು. ಮುಂದೇನೇ ಹೋಯ್ತು. ನಿಮಗೆ ಕಾಣಲಿಲ್ವಾ?"

ವಿಜಯಮ್ಮ ಕೈ ಚಾಚಿ ಇಂಜಿನ್ ಆರಿಸಿ ಕೀ ತೆಗೆದುಕೊಂಡರು. ಚರಣನಿಗೆ ಫೋನು ಮಾಡಿದರು. ಅವನು ಬಂದು ಕಾರು ತೆಗೆದುಕೊಂಡು ಹೋಗುವವರೆಗೆ ಇಬ್ಬರೂ ಒಂದು ಬಂಡೆಯ ಮೇಲೆ ಕುಳಿತಿದ್ದರು.

ಮರುವಾರ ಆಸ್ಪತ್ರೆಯಲ್ಲಿ ಅವರ ಕಣ್ಣನ್ನು ಅರ್ಧ ದಿನ ಪರೀಕ್ಷೆ ಮಾಡಿದರು. ದೊಡ್ಡ ಡಾಕ್ಟರು ಒಂದು ಕಾಗದ ತೋರಿಸಿದರು. ನಡುವೆ ಸ್ವಲ್ಪ ಬಿಳುಪು, ಸುತ್ತ ಕಪ್ಪು. ಬಿಳಿಯಷ್ಟೇ ನಿಮಗೆ ಉಳಿದಿರುವುದು ಎಂದರು. ಕಳೆದದ್ದು ಬರುವುದಿಲ್ಲ, ಇರುವುದನ್ನು ಉಳಿಸಿಕೊಳ್ಳೋಣ, ಕಾರು ಮಾತ್ರ ಇನ್ನು ಬೇಡ ಎಂದರು.

"ಇಷ್ಟು ಮುಂದುವರೆಯೋಕೆ ವರ್ಷಗಳೇ ಬೇಕು. ಇದಕ್ಕೆ ಮುಂಚೆ ಯಾರೂ ಹೇಳಿರಲಿಲ್ವೇ?"

ಶಂಕರಪ್ಪನವರು ಸುಳ್ಳು ಹೇಳಬಹುದಿತ್ತು. "ಹೇಳಿದ್ರು," ಎಂದರು. "ಹದಿನೆಂಟರಲ್ಲಿ. ಡ್ರಾಪ್ಸ್ ಕೊಟ್ಟಿದ್ರು. ನಾನು ಹಾಕಲಿಲ್ಲ."

ಆಟೋದಲ್ಲಿ ಮನೆಗೆ ಬರುವಾಗ ನಿಜಾಮುದ್ದೀನ್ ಸೇತುವೆಯ ಮೇಲೆ ವಿಜಯಮ್ಮ, ಹೊರಗೆ ನೋಡುತ್ತ, "ಹೇಳಿದ್ರೆ ನಾನು ಹಾಕ್ತಿದ್ದೆನಲ್ರೀ," ಎಂದರು. ಅಷ್ಟೇ.

ಆದರೆ ಶಂಕರಪ್ಪನವರ ಮಟ್ಟಿಗೆ ಅದಕ್ಕಿಂತ ದೊಡ್ಡ ತಪ್ಪು ಮುಂದಿನದು.

ಆಸ್ಪತ್ರೆಯಿಂದ ಬಂದ ಹತ್ತು ದಿನ ಅವರು ಮನೆಯಿಂದ ಹೊರಬೀಳಲಿಲ್ಲ. ಪ್ರವಾಸದ ರಸ್ತೆಗಳನ್ನೂ ಬುಕಿಂಗುಗಳನ್ನೂ ಬರೆದಿಟ್ಟ ಹಾಳೆಗಳ ಫೈಲು ಶೋಕೇಸಿನ ಮೇಲಿತ್ತು. ಅದಕ್ಕೆ ಬೆನ್ನು ಹಾಕಿ ಕೂರುತ್ತಿದ್ದರು. ಹನ್ನೊಂದನೆಯ ದಿನ ಬೆಳಿಗ್ಗೆ ಚರಣನಿಗೆ ಫೋನು ಮಾಡಿದರು.

"ಆಗಸ್ಟಿಗೆ ಎಲ್ಲಾ ಬುಕ್ ಆಗಿದೆ. ನೀನು, ಪ್ರಜ್ಞಾ ಹೋಗಿಬನ್ನಿ. ಮದುವೆಯಾದ ಮೇಲೆ ಎಲ್ಲಿಗೂ ಹೋಗಿಲ್ಲ."

"ಪಪ್ಪಾ, ಪಕ್ಕಾ ನಾ? ಆಮೇಲೆ ಬೇಜಾರ್ ಮಾಡ್ಕೋಬೇಡಿ. ಅಮ್ಮ ಏನ್ ಅಂದ್ರು?"

"ಅಮ್ಮಂದೇನು? ನಾನೇ ಹೋಗ್ತಿಲ್ಲವಲ್ಲ."

"ಅಚ್ಛಾ," ಎಂದ ಚರಣ್. ಸ್ವಲ್ಪ ಅನುಮಾನಿಸಿದ, ನಂತರ ಒಪ್ಪಿಕೊಂಡ. ಇವರು ಫೈಲಿನಿಂದ ಬುಕಿಂಗ್ ನಂಬರುಗಳನ್ನು ಒಂದೊಂದಾಗಿ ಓದಿ ಹೇಳಿದರು. ತನ್ನ ಮೈಮೇಲಿನ ಭಾರವೊಂದು ಇಳಿದಂತೆ ಅವರಿಗೆ ಅನ್ನಿಸಿತಂತೆ. ವಿಜಯಮ್ಮನಿಗೆ ಸಂಜೆ ಹೇಳಿದರಾಯಿತು ಎಂದುಕೊಂಡರು. ಸಂಜೆ ಹೇಳಲಾಗಲಿಲ್ಲ. ಮರುದಿನವೂ ಆಗಲಿಲ್ಲ.

ಅವರಿಗೆ ಗೊತ್ತಿಲ್ಲದ ಸಂಗತಿ ನಮ್ಮ ಮನೆಯಲ್ಲಿ ಲೀಲಾಗೆ ಗೊತ್ತಿತ್ತು. ಆಸ್ಪತ್ರೆಯಿಂದ ಬಂದ ಮೂರನೆಯ ದಿನವೇ ವಿಜಯಮ್ಮ ಮಾರ್ಕೆಟ್ಟಿನ ಹತ್ತಿರದ ಡ್ರೈವಿಂಗ್ ಸ್ಕೂಲಿಗೆ ಸೇರಿದ್ದರು. ಶಾಲೆ ಬಿಟ್ಟ ಮೇಲೆ ಒಂದು ಗಂಟೆ. ಹೇಳಿಕೊಡುವವಳು ಇಪ್ಪತ್ತೈದರ ಹುಡುಗಿ. "ಆಂಟಿಜೀ, ಕೋಯಿ ಬಾತ್ ನಹೀ," ಪರವಾಗಿಲ್ಲ, ಎನ್ನುತ್ತ ಎಷ್ಟು ಸಲ ಕಾರು ನಿಂತರೂ ಮತ್ತೆ ಶುರು ಮಾಡಿಸುತ್ತಿದ್ದಳು. ಹದಿನೈದು ದಿನದಲ್ಲಿ ವಿಜಯಮ್ಮ ಗಾಜಿಪುರದ ಟ್ರಾಫಿಕ್ಕಿನಲ್ಲಿ ಮೂರನೇ ಗೇರಿಗೆ ಬಂದಿದ್ದರು. "ಅವರಿಗೆ ಈಗ ಹೇಳಬೇಡ ಲೀಲಾ, ಲೈಸೆನ್ಸ್ ಕೈಗೆ ಬರಲಿ," ಎಂದಿದ್ದರು. ಖಾದರ್‌ನ ಆ ಭಾನುವಾರ ಅವರ ಮನಸ್ಸಿನಿಂದ ಹೋಗಿರಲಿಲ್ಲ. ಬಾಡಿಗೆ ಕಾರಿನವರಿಗೂ ಬರೆದು ಕೇಳಿದ್ದರು. ಲೈಸೆನ್ಸ್ ಪಡೆದು ಒಂದು ವರ್ಷವಾದವರಿಗೆ ಕೊಡುತ್ತೇವೆ ಎಂದು ಉತ್ತರ ಬಂದಿತ್ತು. ಹಾಗಾದರೆ ಒಂದು ವರ್ಷ ಮುಂದಕ್ಕೆ ಹಾಕಿದರಾಯಿತು ಎಂದು ಲೆಕ್ಕ ಹಾಕಿ, ಎಲ್ಲ ಕ್ಯಾಂಪುಗಳಿಗೂ ತಾರೀಕು ಬದಲಿಸಲು ಸಾಧ್ಯವೇ ಎಂದು ಬರೆದರು. ಗಂಡ ಎಡಗಡೆ ಕುಳಿತಿರುತ್ತಾರೆ, ಎದುರಿನದು ಅವರಿಗೆ ಕಾಣುತ್ತದೆ, ಬದಿಯದನ್ನು ನಾನು ಹೇಳುತ್ತೇನೆ ಎಂದು ಅವರ ಯೋಚನೆ.

ಮೊದಲ ಕ್ಯಾಂಪಿನ ಉತ್ತರ ಮಾರ್ಚ್ ತಿಂಗಳ ಒಂದು ಮಧ್ಯಾಹ್ನ ಬಂತು. ಈ ಬುಕಿಂಗನ್ನು ಕಳೆದ ವಾರವೇ ಶ್ರೀ ಚರಣ್ ಮತ್ತು ಶ್ರೀಮತಿ ಪ್ರಜ್ಞಾ ಅವರ ಹೆಸರಿಗೆ ಬದಲಿಸಲಾಗಿದೆ, ಅದನ್ನು ಈಗ ರದ್ದುಮಾಡಬೇಕೇ ಎಂದು ಕೇಳಿದ್ದರು.

ವಿಜಯಮ್ಮ ಫೋನು ಹಿಡಿದುಕೊಂಡು ನಮ್ಮ ಮನೆಗೆ ಬಂದರು. ಲೀಲಾಗೆ ತೋರಿಸಿದರು. "ನಾನು ಸರಿಯಾಗಿ ಓದಿದೀನಾ ನೋಡು," ಎಂದರು. ಲೀಲಾ ಓದಿದಳು. ವಿಜಯಮ್ಮ ನೀರು ಕೇಳಿ ಕುಡಿದು ಮೇಲೆ ಹೋದರು.

ಶಂಕರಪ್ಪನವರು ಬಾಲ್ಕನಿಯಲ್ಲಿ ಕುಳಿತಿದ್ದರು.

"ಚರಣನಿಗೆ ಕೊಟ್ಬಿಟ್ರಾ?"

"ಹೂಂ. ವೇಸ್ಟ್ ಆಗೋದು ಬೇಡ ಅಂತ."

"ನನ್ನ ಒಂದು ಮಾತು ಕೇಳಬೇಕು ಅನ್ನಿಸಲಿಲ್ವಾ?"

"ನಾನೇ ಹೋಗೋಕಾಗಲ್ಲ ಅಂದ ಮೇಲೆ ನೀನು ಹೇಗೆ ಹೋಗ್ತೀಯ ಅಂತ..."

"ಹತ್ತು ವರ್ಷ ಆ ಪತ್ರಗಳನ್ನ ಬರೆದಿದ್ದು ಯಾರು?"

ವಿಜಯಮ್ಮ ಒಳಗೆ ಹೋಗಿ ಕೈಚೀಲದಿಂದ ಲರ್ನರ್ ಲೈಸೆನ್ಸಿನ ಕಾಗದ ತಂದು ಗಂಡನ ಮುಂದೆ ಹಿಡಿದರು. ಅವರು ಅದನ್ನು ಹತ್ತಿರಕ್ಕೆ ತಂದುಕೊಂಡು, ಫೋಟೋ ನೋಡಿ, ಹೆಸರು ಓದಿ, ತಾರೀಕು ಓದಿದರು. ಫೋನು ಮಾಡಿದ ದಿನಕ್ಕಿಂತ ಮುಂಚಿನ ತಾರೀಕು.

"ಚರಣನಿಗೆ ಈಗಲೇ ಫೋನ್ ಮಾಡ್ತೀನಿ. ಬೇಡ ಅಂತ ಹೇಳ್ತೀನಿ."

"ಮಾಡಬೇಡಿ. ಅವರಿಬ್ಬರೂ ರಜೆ ಹಾಕಿರ್ತಾರೆ. ಪ್ರಜ್ಞಾ ಮೊನ್ನೆ ಫೋನಲ್ಲಿ ಎಷ್ಟು ಖುಷಿಯಾಗಿದ್ದಳು. ನನಗೆ ಯಾಕೆ ಅಂತ ಗೊತ್ತಾಗಿರಲಿಲ್ಲ, ಅಷ್ಟೇ." ಕಾಗದವನ್ನು ವಾಪಸು ತೆಗೆದುಕೊಂಡರು. "ನಿಮ್ಮದನ್ನ ನೀವು ಕೊಟ್ರಿ, ಸರಿ. ನನ್ನದನ್ನೂ ಕೊಟ್ರಿ."

ವಿಜಯಮ್ಮ ಜೋರಾಗಿ ಜಗಳವಾಡಿದ್ದರೆ ಚೆನ್ನಾಗಿತ್ತು ಎಂದು ಶಂಕರಪ್ಪನವರು ನನಗೆ ಹೇಳಿದರು. ಅವರು ಆಡಲಿಲ್ಲ. ಅಂದು ಸಂಜೆ ಚಪಾತಿ ಮಾಡಿದರು, ಶಾಲೆಯ ಮಕ್ಕಳ ಹಾಳೆಗಳನ್ನು ತಿದ್ದಿದರು, ಗಂಡನ ಕಣ್ಣಿಗೆ ರಾತ್ರಿಯ ಡ್ರಾಪ್ಸ್ ಹಾಕಿದರು. ಎಲ್ಲ ಕ್ಯಾಂಪುಗಳಿಗೂ, ಬುಕಿಂಗ್ ಮಗನ ಹೆಸರಿನಲ್ಲೇ ಇರಲಿ ಎಂದು ಬರೆದರು.

ಆಗಸ್ಟಿನಲ್ಲಿ ಚರಣ್, ಪ್ರಜ್ಞಾ ಹೋದರು. ಶಂಕರಪ್ಪನವರು ಬರೆದುಕೊಟ್ಟ ಹಾಳೆಗಳಂತೆ ಎಲ್ಲ ನಡೆಯಿತು. ಒಂದೂರಲ್ಲಿ ಪಂಪು ಮುಚ್ಚಿತ್ತಂತೆ. ಹಿಂದಿನ ಊರಿನಲ್ಲೇ ಟ್ಯಾಂಕು ತುಂಬಿಸಿದ್ದರಿಂದ ತೊಂದರೆಯಾಗಲಿಲ್ಲ. "ಪಪ್ಪಾ, ನಿಮ್ಮ ಪ್ಲಾನಿಂಗ್ ಜಬರ್ದಸ್ತ್," ಎಂದು ಚರಣ್ ಹೇಳಿದ. ಎತೋಷಾದಿಂದ ಒಂದು ಬೆಳಿಗ್ಗೆ ವಿಡಿಯೋ ಕಾಲ್ ಮಾಡಿದರು. ಆ ಹೊತ್ತಿಗೆ ನಾನೂ ಲೀಲಾಳೂ ಅಲ್ಲೇ ಇದ್ದೆವು. ಕಲ್ಲುಗಳ ನಡುವೆ ನೀರಿನ ಹೊಂಡ, ಅದರ ಸುತ್ತ ಬಿಳಿ ಧೂಳಿನಲ್ಲಿ ಪ್ರಾಣಿಗಳು.

"ಮಮ್ಮಿ, ಆ ಕುದುರೆ ಥರ ಇರೋದು ನೋಡಿ," ಎಂದಳು ಪ್ರಜ್ಞಾ.

"ಕುದುರೆಯಲ್ಲಮ್ಮ, ಓರಿಕ್ಸ್. ಅದರ ಹಿಂದಿನದು ಕುಡು, ಹೆಣ್ಣು, ಕೊಂಬಿಲ್ಲ ನೋಡು. ಫೋನು ಸ್ವಲ್ಪ ಎಡಕ್ಕೆ ತಿರುಗಿಸು. ಅಲ್ಲಿ ಮರದ ಕೆಳಗೆ ಏನೋ ಮಲಗಿದೆ."

ಸಿಂಹಿಣಿ. ಅಲ್ಲಿದ್ದವರಿಗೂ ಅದುವರೆಗೆ ಕಂಡಿರಲಿಲ್ಲ. ವಿಜಯಮ್ಮನ ಮುಖ ನಾನು ಹಿಂದೆಂದೂ ನೋಡದಷ್ಟು ಅರಳಿತ್ತು. ಶಂಕರಪ್ಪನವರು ಸೋಫಾದ ಇನ್ನೊಂದು ತುದಿಯಲ್ಲಿದ್ದರು. ಫೋನು ಆ ಕಡೆಗೆ ತಿರುಗಲಿಲ್ಲ. ವಿಜಯಮ್ಮ ಬೇಕೆಂದೇ ತಿರುಗಿಸಲಿಲ್ಲವೋ, ನೋಡುವ ಭರದಲ್ಲಿ ಮರೆತರೋ ಗೊತ್ತಾಗಲಿಲ್ಲ. ಅವರೂ ತೋರಿಸು ಎಂದು ಕೇಳಲಿಲ್ಲ. ಹೆಂಡತಿಯನ್ನೇ ನೋಡುತ್ತ ಕುಳಿತಿದ್ದರು.

ವಿಜಯಮ್ಮನಿಗೆ ಅಷ್ಟರಲ್ಲಿ ಪೂರ್ತಿ ಲೈಸೆನ್ಸ್ ಬಂದಿತ್ತು. ಈಗ ಆ ಹಳೆಯ ಕಾರನ್ನು ಅವರೇ ಓಡಿಸುತ್ತಾರೆ. ಸ್ವಲ್ಪ ನಿಧಾನ, ಆದರೆ ಎಲ್ಲೂ ತಗುಲಿಸಿದವರಲ್ಲ. ಆ ವರ್ಷದ ಚಳಿಗಾಲದಲ್ಲಿ ಲೀಲಾಳನ್ನೂ ಶಾಲೆಯ ಇನ್ನಿಬ್ಬರು ಟೀಚರುಗಳನ್ನೂ ಕೂರಿಸಿಕೊಂಡು ಭರತ್‌ಪುರದ ಹಕ್ಕಿಗಳನ್ನು ನೋಡಿಬಂದರು. ಹೊರಡುವಾಗ, "ನೀವೂ ಬರ್ತೀರಾ?" ಎಂದು ಗಂಡನನ್ನು ಕೇಳಿದರು. ಕೇಳಿದ್ದು ಒಳ್ಳೆಯ ಮನಸ್ಸಿನಿಂದಲೇ. ಅವರು ಬೇಡವೆಂದರು.

ಎರಡು ವರ್ಷ ಕಳೆದವು. ಶಂಕರಪ್ಪನವರ ಬಿಳಿಯ ವೃತ್ತ ಇನ್ನಷ್ಟು ಕಿರಿದಾಗದೆ ನಿಂತಿದೆ. ಕಳೆದ ತಿಂಗಳು ಆಸ್ಪತ್ರೆಯಿಂದ ವಾಪಸು ಬರುವಾಗ ಕಾರಿನಲ್ಲಿ ಅವರು, "ವಿಜಯಾ, ನಿನಗೆ ಲೈಸೆನ್ಸ್ ಬಂದು ಎರಡು ವರ್ಷ ದಾಟಿತು. ಈ ವರ್ಷ ಹೋಗೋಣವೇ? ನೀನೇ ಓಡಿಸು," ಎಂದು ಕೇಳಿದರಂತೆ. ಆ ಮಾತನ್ನು ಹೇಳಲು ವಾರದಿಂದ ಧೈರ್ಯ ಕೂಡಿಸಿಕೊಂಡಿದ್ದರು.

ವಿಜಯಮ್ಮ ಸಿಗ್ನಲ್ಲಿನಲ್ಲಿ ಕಾರು ನಿಲ್ಲಿಸಿದರು. ಸಿಟ್ಟಿರಲಿಲ್ಲ. "ಆಗ ತುಂಬಾ ಆಸೆ ಇತ್ತು ರೀ," ಎಂದರು. "ಈಗ ಹುಡುಕಿದರೂ ಸಿಗ್ತಿಲ್ಲ. ನಾನೇನು ಮಾಡಲಿ." ಹಸಿರು ಬಿತ್ತು, ಹೊರಟರು.

ಇದನ್ನು ಅವರು ನನಗೆ ಹೇಳಿದ್ದು ಮೊನ್ನೆ, ಪಾರ್ಕಿನ ಬೆಂಚಿನಲ್ಲಿ. ನಾನು ಸಮಾಧಾನಕ್ಕೆ ಏನೋ ಹೇಳಲು ಹೋದೆ; ಕಣ್ಣು ಹೀಗಾಗದಿದ್ದರೆ ನೀವಿಬ್ಬರೂ ಹೋಗಿಯೇ ಇರುತ್ತಿದ್ದಿರಿ ಎಂದೆ.

"ಕಣ್ಣಿನದು ಬಿಡಿ ಸಾರ್, ಅದು ನನ್ನ ಹೆದರಿಕೆ, ನಾನು ಅನುಭವಿಸ್ತೀನಿ," ಎಂದರು. "ಚರಣನಿಗೆ ಫೋನ್ ಮಾಡಿದ್ನಲ್ಲ, ಆ ಬೆಳಿಗ್ಗೆ ಅವಳು ಅಡುಗೆಮನೆಯಲ್ಲೇ ಇದ್ದಳು. ಶಾಲೆಗೆ ಹೊರಡೋಕೆ ಡಬ್ಬಿ ತುಂಬಿಸ್ತಿದ್ದಳು. ಫೋನ್ ಮಾಡೋ ಮುಂಚೆ ಒಳಗೆ ಹೋಗಿ, ಏನ್ಮಾಡೋಣ ಹೇಳು ಅಂತ ಒಂದು ಮಾತು ಕೇಳಿದ್ರೆ ಆಗ್ತಿತ್ತು. ಎಂಟು ಹೆಜ್ಜೆ ಇರಬಹುದು."

ಅವರು ಏಳಲು ಹೊರಟರು. ಬೆಂಚಿನ ಎಡಕ್ಕೆ ಯಾರೋ ನೀರಿನ ಬಕೆಟ್ ಇಟ್ಟಿದ್ದರು. ನಾನು ಅವರ ತೋಳು ಹಿಡಿದು ಬಲಕ್ಕೆ ತಿರುಗಿಸಿ ಅವರ ಫ್ಲಾಟಿನ ಮೆಟ್ಟಿಲವರೆಗೆ ಬಿಟ್ಟುಬಂದೆ.